ರಿಯಾಯಿತಿ ಎಂಬ ಪದವೂ ಮಲೆನಾಡಿನ ಬಸ್ಸೂ

ಕನ್ನಡದಲ್ಲಿ ನೆಲೆಯೂರಿರುವ ಅನ್ಯದೇಶ್ಯ ಶಬ್ದಗಳಲ್ಲಿ ‘ರಿಯಾಯಿತಿ’ ಎಂಬುದೂ ಒಂದು. ಅಂಗಡಿಗಳ ಫಲಕಗಳಲ್ಲಿ ಇದನ್ನು ಕಂಡು ಕಂಡು, ಬೆಲೆಯಲ್ಲಿ ಮಾಡುವ ಕಡಿತವೇ ಇದರ ಅರ್ಥವೆಂದು ಜನ ತಿಳಿದಿದ್ದಾರೆ. ಮೂಲದಲ್ಲಿ ಇದು ಅರಬ್ಬಿಯ ‘ರಿಆಯತ್’. ಪಾರಸಿಯ ಮೂಲಕ ಈ ದೇಶಕ್ಕೆ ಬಂದು, ಆಡಳಿತದ ಭಾಷೆಯ ಜೊತೆಯಲ್ಲಿ ಕನ್ನಡವನ್ನು ಸೇರಿತು. ಇದರ ಧಾತುವಿಗೆ ಮೇಯಿಸುವುದು, ಮಂದೆಯನ್ನು ಕಾಯುವುದು ಎಂಬ ಅರ್ಥವಿದೆ. ನಮ್ಮ ನಿತ್ಯದ ‘ರೈತ’ ಶಬ್ದವೂ ಇದೇ ಧಾತುವಿನಿಂದ ಹುಟ್ಟಿದ್ದು. ಕಾಪಿಗೆ ಒಳಪಟ್ಟ ಪ್ರಜೆ ಎಂಬುದು ಅದರ ಮೊದಲ ಅರ್ಥ. ಆದುದರಿಂದ ರಿಯಾಯಿತಿ ಎಂದರೆ ಕಡಿತವೂ ಅಲ್ಲ, ದಾನವೂ ಅಲ್ಲ. ಕಾಪು, ಲಕ್ಷ್ಯ, ಪಾಲನೆ. ಕಾಯುವವರು ಯಾರು, ಕಾಯುವ ವೆಚ್ಚವನ್ನು ಹೊರುವವರು ಯಾರು ಎಂಬ ಪ್ರಶ್ನೆ ಶಬ್ದದ ಒಡಲಿನಲ್ಲೇ ಅಡಗಿದೆ. ಬಸ್ಸಿನ ಪ್ರಯಾಣದರದ ರಿಯಾಯಿತಿಯನ್ನು ವಿಚಾರಿಸುವಾಗ ಈ ಪ್ರಶ್ನೆಯನ್ನು ಮುಂದಿರಿಸಿಕೊಳ್ಳುವುದು ಉಚಿತ.

ಚಿಕ್ಕಮಗಳೂರಿನ ಕಾಫಿ ಸೀಮೆಗೆ ಬಸ್ಸಲ್ಲದೆ ಅನ್ಯ ಗತಿಯಿಲ್ಲ. ಕಡೂರಿನಿಂದ ಜಿಲ್ಲಾಕೇಂದ್ರಕ್ಕೆ ರೈಲು ಬಂದುದೇ 2013ರ ನವೆಂಬರಿನಲ್ಲಿ. ಅದರಾಚೆಗೆ ಮೂಡಿಗೆರೆಗಾಗಲಿ, ಮೊದಲು ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದು ಈಚೆಗೆ ತಾನೇ ತಾಲ್ಲೂಕಾದ ಕಳಸಕ್ಕಾಗಲಿ ಹಳಿಯ ಸುಳಿವಿಲ್ಲ. ಕಳಸದಿಂದ ಜಿಲ್ಲಾಕೇಂದ್ರಕ್ಕೆ ಹೊರಟವರು ಬಾಳೆಹೊನ್ನೂರಿನ ದಾರಿಯನ್ನೋ ಕೊಟ್ಟಿಗೆಹಾರ ಮೂಡಿಗೆರೆಗಳ ದಾರಿಯನ್ನೋ ಹಿಡಿಯಬೇಕು. ಎರಡೂ ತಿರುವುಗಳ ದಾರಿ. ಎರಡರಲ್ಲೂ ಊರಿಗಿಂತ ತೋಟವೇ ಹೆಚ್ಚು. ಬಯಲುಸೀಮೆಯಲ್ಲಿ ಒಂದು ಊರಿನ ಮುಂದೆ ನಿಂತ ಬಸ್ಸಿಗೆ ಇಪ್ಪತ್ತು ಜನ ಒಟ್ಟಿಗೆ ಹತ್ತಿಯಾರು. ಇಲ್ಲಿ ತೋಟದ ಲೈನುಮನೆಗಳಿಂದ ಒಬ್ಬರು, ಮುಂದಿನ ಸೇತುವೆಯ ಬಳಿ ಇಬ್ಬರು. ಕಾಫಿಹಣ್ಣಿನ ಕೊಯ್ಲಿನ ತಿಂಗಳುಗಳಲ್ಲಿ ಕಾಲಿಡಲು ಎಡೆಯಿಲ್ಲದ ಬಸ್ಸು ಆಷಾಢದ ಮಳೆಯಲ್ಲಿ ಅರ್ಧ ಬರಿದಾಗಿ ಓಡುತ್ತದೆ. ಇಂತಹ ದಾರಿಯಲ್ಲಿ ದರವನ್ನು ಇಳಿಸುವುದು ಸುಲಭವಲ್ಲ. ಇಳಿಸದೆ ಶಾಲೆಗೆ ಮಕ್ಕಳನ್ನು ತರುವುದೂ ಸುಲಭವಲ್ಲ.

ಪ್ರಯಾಣದ ದರವು ಬಸ್ಸಿನ ಒಡೆಯನ ಇಚ್ಛೆಗೆ ಬಿಟ್ಟ ವಿಷಯವಲ್ಲವೆಂಬುದನ್ನು ವಿದ್ಯಾರ್ಥಿಗಳು ಮೊದಲು ತಿಳಿಯಬೇಕು. 1988ರ ಮೋಟಾರು ವಾಹನಗಳ ಅಧಿನಿಯಮದ 67ನೆಯ ಪ್ರಕರಣದಂತೆ ಮಜಲು ವಾಹನಗಳ ದರವನ್ನು ಗೊತ್ತುಪಡಿಸುವ ಅಧಿಕಾರ ರಾಜ್ಯ ಸರ್ಕಾರದ್ದು. (ಪ್ರಯಾಣಿಕರನ್ನು ಹಂತ ಹಂತವಾಗಿ ಹತ್ತಿಸಿ ಇಳಿಸುವ ಬಸ್ಸಿಗೆ ಮಜಲು ವಾಹನವೆಂದು ಸರ್ಕಾರಿ ಹೆಸರು. ‘ಮಜಲು’ ಎಂಬುದೂ ಅರಬ್ಬಿಯ ‘ಮಂಜಿಲ್’. ದಾರಿಗರು ಇಳಿದು ತಂಗುವ ತಾಣ. ಒಂಟೆಯ ದಾರಿಯಲ್ಲಿ ಹುಟ್ಟಿದ ಮಾತು ಮಲೆನಾಡಿನ ಬಸ್ಸನ್ನೇರಿದೆ!) ಅದೇ ಅಧಿನಿಯಮದಲ್ಲಿ ಟಿಕೆಟ್ಟಿಲ್ಲದೆ ಪ್ರಯಾಣಿಸುವವನಿಗೆ ದಂಡವಿದೆ. ಇದನ್ನು ಎಲ್ಲರೂ ಬಲ್ಲರು. ದುಡ್ಡನ್ನು ಪಡೆದು ಟಿಕೆಟ್ಟು ಕೊಡದ, ಅಥವಾ ಸಲ್ಲದ ಟಿಕೆಟ್ಟು ಕೊಡುವ ನಿರ್ವಾಹಕನಿಗೂ 178ನೆಯ ಪ್ರಕರಣದಲ್ಲಿ ದಂಡವಿರುವುದನ್ನು ಬಲ್ಲವರು ವಿರಳ. ಟಿಕೆಟ್ಟೆಂಬುದು ಬರಿಯ ರಸೀತಿಯಲ್ಲ. ಎಲ್ಲಿಂದ ಎಲ್ಲಿಗೆ, ಎಷ್ಟು ದುಡ್ಡಿಗೆ ಎಂಬ ಕರಾರನ್ನು ಹೇಳುವ ಪತ್ರ ಅದು, ಇಬ್ಬರನ್ನೂ ಕಟ್ಟುತ್ತದೆ. ಚಿಲ್ಲರೆಯಿಲ್ಲವೆಂದು ಹೇಳಿ ಟಿಕೆಟ್ಟಿನ ಬೆನ್ನಿಗೆ ಬರೆದುಕೊಟ್ಟ ಬಾಕಿಯನ್ನು ಇಳಿಯುವ ಅವಸರದಲ್ಲಿ ಮರೆಯುವವರೂ ಆ ಪತ್ರವನ್ನು ಓದಿಲ್ಲದವರೇ.

ಸರ್ಕಾರವೇ ಬಸ್ಸು ಓಡಿಸುವ ಪದ್ಧತಿ ಮೈಸೂರು ಸಂಸ್ಥಾನದಲ್ಲಿ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ಆರಂಭವಾಯಿತು. 1961ರ ಆಗಸ್ಟಿನಲ್ಲಿ ಆ ಇಲಾಖೆಯು ನಿಗಮವಾಯಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ 1973ರಲ್ಲಿ ನಿಗಮದ ಹೆಸರೂ ಬದಲಾಯಿತು. ನಿಗಮವನ್ನು ಹುಟ್ಟಿಸಿದ 1950ರ ಅಧಿನಿಯಮದಲ್ಲಿ ಎರಡು ಪ್ರಕರಣಗಳನ್ನು ಜೊತೆಯಾಗಿ ಓದಬೇಕು. 22ನೆಯದು, ನಿಗಮವು ವ್ಯವಹಾರದ ತತ್ತ್ವಗಳನ್ನು ಅನುಸರಿಸಬೇಕೆನ್ನುತ್ತದೆ. 34ನೆಯದು, ಸರ್ಕಾರವು ನಿಗಮದೊಡನೆ ಸಮಾಲೋಚಿಸಿ ಅದಕ್ಕೆ ಸಾಮಾನ್ಯ ಸೂಚನೆಗಳನ್ನು ಕೊಡಬಹುದೆನ್ನುತ್ತದೆ. ಒಂದು ಕೈ ಲೆಕ್ಕವನ್ನು ಹಿಡಿದಿದೆ, ಮತ್ತೊಂದು ಕರುಣೆಯನ್ನು. ರಿಯಾಯಿತಿಗಳೆಲ್ಲ ಈ ಎರಡರ ನಡುವೆ ಬೆಳೆದವು.

ಇಂದಿನ ಸ್ಥಿತಿಯನ್ನು ಒಂದು ಕಲ್ಪಿತ ಕುಟುಂಬದ ಉದಾಹರಣೆಯಿಂದ ತಿಳಿಯಬಹುದು. ಕಳಸದ ಒಂದು ಮನೆಯವರು ನಿಗಮದ ಸಾಮಾನ್ಯ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೊರಟಿದ್ದಾರೆ ಎಂದಿಟ್ಟುಕೊಳ್ಳೋಣ. ಅಜ್ಜಿ, ತಾಯಿ, ಮಗಳು ಈ ಮೂವರೂ ಶೂನ್ಯ ದರದವರು. ಅಜ್ಜನಿಗೆ ಅರವತ್ತು ದಾಟಿರುವುದರಿಂದ ನೂರಕ್ಕೆ 25ರಷ್ಟು ಕಡಿತ. ತಂದೆಗೆ ಪೂರ್ತಿ ದರ. ಹನ್ನೆರಡು ತುಂಬದ ಕಿರಿಯ ಮಗನಿಗೆ ಅರ್ಧ. ಹೈಸ್ಕೂಲಿನ ಹಿರಿಯ ಮಗನ ಬಳಿ ವಿದ್ಯಾರ್ಥಿ ಪಾಸು ಇದೆ. ಆದರೆ ಅದು ಮನೆಯಿಂದ ಶಾಲೆಗೆ ಗೊತ್ತುಪಡಿಸಿದ ದಾರಿಗೆ ಮಾತ್ರ ಸಲ್ಲುವುದಾದ್ದರಿಂದ ಇಂದು ಅವನೂ ತಂದೆಯ ಸಾಲಿನವನೇ. ಅಜ್ಜಿಯ ಬುಟ್ಟಿಯಲ್ಲಿ ಒಂದು ಕೋಳಿಯಿದ್ದರೆ ಅದಕ್ಕೆ ಅರ್ಧ ಟಿಕೆಟ್ಟು. ಇದು ಹಾಸ್ಯಕ್ಕೆ ಹೇಳಿದ ಮಾತಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ ಮೊಮ್ಮಗಳಿಬ್ಬರೂ ಉಚಿತವಾಗಿ ಪ್ರಯಾಣಿಸಿ, ಅವರ ಪಂಜರದ ನಾಲ್ಕು ಹಕ್ಕಿಗಳಿಗೆ 444 ರೂಪಾಯಿ ತೆತ್ತ ಸಂಗತಿ ಪತ್ರಿಕೆಗಳಲ್ಲಿ ಬಂದಿತ್ತು.

ಮಹಿಳೆಯರ ಶೂನ್ಯ ದರ ‘ಶಕ್ತಿ’ ಯೋಜನೆಯದು. 2023ರ ಜೂನ್ 11ರಂದು ಅದು ಜಾರಿಗೆ ಬಂದಿತು. ಕರ್ನಾಟಕದ ನಿವಾಸಿಗಳಾದ ಮಹಿಳೆಯರೂ ಲಿಂಗತ್ವ ಅಲ್ಪಸಂಖ್ಯಾತರೂ ರಾಜ್ಯದೊಳಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಗುರುತಿನ ಚೀಟಿಯನ್ನು ತೋರಿ ಹಣ ಕೊಡದೆ ಪ್ರಯಾಣಿಸಬಹುದು. ರಾಜಹಂಸ, ಐರಾವತ ಮೊದಲಾದ ಸುಖಾಸನದ ಬಸ್ಸುಗಳು ಇದಕ್ಕೆ ಹೊರತು. ಹಣವಿಲ್ಲದಿದ್ದರೂ ಟಿಕೆಟ್ಟು ಏಕೆ ಎಂದು ಕೆಲವರು ಅದನ್ನು ಪಡೆಯಲು ಉದಾಸೀನ ಮಾಡುವುದುಂಟು. ಇದು ತಪ್ಪು ತಿಳಿವಳಿಕೆ. ಪ್ರಯಾಣಿಕಳು ಕೊಡದ ದರವನ್ನು ಸರ್ಕಾರವು ನಿಗಮಕ್ಕೆ ತುಂಬಿಕೊಡಬೇಕಾದುದು ಆ ಶೂನ್ಯ ಟಿಕೆಟ್ಟುಗಳ ಲೆಕ್ಕದ ಮೇಲೆಯೇ. ಕಾಣದ ಆ ಹಣವೇ ನಾಳೆಯ ಡೀಸೆಲು, ಚಾಲಕನ ಸಂಬಳ. 2025ರ ಜುಲೈ ತಿಂಗಳಿಗೆ ಇಂತಹ ಪ್ರಯಾಣಗಳ ಸಂಖ್ಯೆ 500 ಕೋಟಿಯನ್ನು ಮುಟ್ಟಿತು. ಕೂಲಿಯಲ್ಲಿ ಒಂದು ಪಾಲು ಬಸ್ಸಿಗೇ ಸಲ್ಲುತ್ತಿದ್ದ ಹೆಣ್ಣುಮಕ್ಕಳಿಗೆ ಇದರಿಂದ ಆದ ಉಪಕಾರವನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಆದರೆ ಶಕ್ತಿಯ ಬಸ್ಸು ಕೆಂಪು ಬಸ್ಸು. ಕರಾವಳಿಯಲ್ಲಿರುವಂತೆ ಮಲೆನಾಡಿನಲ್ಲಿಯೂ ಖಾಸಗಿ ಬಸ್ಸುಗಳ ಬಳಕೆ ಹಿಂದಿನಿಂದ ಬಂದುದು; ಎಷ್ಟೋ ಒಳದಾರಿಗಳನ್ನು ಮೊದಲು ತೆರೆದವರೇ ಅವರು. ತೋಟದ ತಿರುವಿನಲ್ಲಿ ಕೊಡೆ ಹಿಡಿದು ನಿಂತ ಬಾಲಕಿಯ ಮುಂದೆ ಬೆಳಗ್ಗೆ ಎಂಟು ಗಂಟೆಗೆ ಬಂದು ನಿಲ್ಲುವುದು ಖಾಸಗಿ ಬಸ್ಸಾದರೆ, ಅವಳ ಗುರುತಿನ ಚೀಟಿಗೆ ಅಲ್ಲಿ ಬೆಲೆಯಿಲ್ಲ. ಅವಳ ಅಣ್ಣನ ಪಾಸಿಗೂ ಇಲ್ಲ. ನಿರ್ವಾಹಕನು ಪರಿಚಯದಿಂದ ಅರ್ಧ ದುಡ್ಡು ತೆಗೆದುಕೊಂಡರೆ ಅದು ದಾಕ್ಷಿಣ್ಯ. ದಾಕ್ಷಿಣ್ಯವನ್ನು ನಂಬಿ ವರ್ಷವಿಡೀ ಶಾಲೆಗೆ ಬರಲಾಗದು. ಮೂರು ಮೈಲಿ ಆಚೆಗೆ ಕೆಂಪು ಬಸ್ಸು ಓಡುವ ರಸ್ತೆಯಲ್ಲಿ ಮನೆಯಿರುವ ಅವಳ ಸಹಪಾಠಿಗೆ ಇರುವ ಹಕ್ಕು ಅವಳಿಗಿಲ್ಲ. ಕಾನೂನು ಇಬ್ಬರಲ್ಲಿ ಭೇದವೆಣಿಸಲಿಲ್ಲ, ರಸ್ತೆ ಎಣಿಸಿತು.

ಹಾಗಾದರೆ ಖಾಸಗಿ ಬಸ್ಸುಗಳಿಗೂ ರಿಯಾಯಿತಿಯನ್ನು ಕಡ್ಡಾಯ ಮಾಡಬಹುದಲ್ಲವೆ ಎಂದು ಕೇಳಬಹುದು. ನೆರೆಯ ಕೇರಳದಲ್ಲಿ ಅದು ಬಹುಕಾಲದಿಂದ ಇದೆ. 2022ರ ಮೇ ತಿಂಗಳಲ್ಲಿ ಅಲ್ಲಿ ಬಸ್ಸಿನ ಕನಿಷ್ಠ ದರ 8 ರೂಪಾಯಿಯಿಂದ 10 ರೂಪಾಯಿಗೆ ಏರಿದಾಗಲೂ ವಿದ್ಯಾರ್ಥಿಯ ಕನಿಷ್ಠ ದರ 1 ರೂಪಾಯಿಯಲ್ಲೇ ನಿಂತಿತು. ಕೇಳಲು ಹಿತವಾದ ಮಾತು. ಆದರೆ ಉಳಿದ ದುಡ್ಡಿನ ಹೊರೆ ಬಸ್ಸಿನವನದು. ಪರಿಣಾಮವಾಗಿ, ಬಸ್ಸು ಹೊರಡುವ ತನಕ ಮಕ್ಕಳನ್ನು ಹತ್ತಗೊಡದೆ ಕೆಳಗೇ ನಿಲ್ಲಿಸುತ್ತಾರೆಂಬ ದೂರು ಅಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಆ ದರವನ್ನು ಏರಿಸಬೇಕೆಂದು ಮಾಲೀಕರ ಒತ್ತಾಯವೂ ನಿಂತಿಲ್ಲ. ಮಗುವಿನ ಕೈಯಲ್ಲಿ ಹಕ್ಕಿದೆ, ಬಸ್ಸಿನ ಬಾಗಿಲಲ್ಲಿ ಮುಖ ಗಂಟಾಗಿದೆ.

ಇದೇ ಜಿಲ್ಲೆಯ ಕೊಪ್ಪದಲ್ಲಿ ಮತ್ತೊಂದು ಬಗೆಯ ಪ್ರಯೋಗ ನಡೆದಿತ್ತು. ಶಂಕರ್ ಕಂಪನಿಯ ಬಸ್ಸುಗಳು ನಿಂತುಹೋದಾಗ ಅದರ ಕಾರ್ಮಿಕರು ಬೀದಿಪಾಲಾಗದೆ, ತಾವೇ ಕೂಡಿ 1991ರಲ್ಲಿ ಸಾರಿಗೆ ಸಹಕಾರ ಸಂಘವನ್ನು ಕಟ್ಟಿದರು. ಆರು ಬಸ್ಸುಗಳಿಂದ ಆರಂಭವಾದ ‘ಸಹಕಾರ ಸಾರಿಗೆ’ ಎಪ್ಪತ್ತರ ಆಸುಪಾಸಿಗೆ ಬೆಳೆಯಿತು. ಚಾಲಕ, ನಿರ್ವಾಹಕ, ಕಾರ್ಯಾಗಾರದವರು ಎಲ್ಲರೂ ದುಡಿಯುವವರೂ ಹೌದು, ಒಡೆಯರೂ ಹೌದು. ದೊಡ್ಡ ಊರುಗಳಿಗೆ ಹೋಗುವ ಬಸ್ಸಿನ ಗಳಿಕೆಯಿಂದ ಹಳ್ಳಿಯ ಬಸ್ಸಿನ ನಷ್ಟವನ್ನು ತುಂಬಿಕೊಂಡು ಒಳನಾಡಿನ ದಾರಿಗಳಲ್ಲಿ ಓಡಿಸಿದರು. ವಿದ್ಯಾರ್ಥಿಗಳಿಗೆ ರಿಯಾಯಿತಿಯನ್ನೂ ಕೊಟ್ಟರು. ಯಾವ ಆಜ್ಞೆಯೂ ಇಲ್ಲದೆ ಕೊಟ್ಟರೆಂಬುದೇ ಇದರ ಹಿರಿಮೆ. ಹತ್ತುವ ಹುಡುಗ ನೆರೆಮನೆಯವನು, ಇಳಿಯುವ ಹುಡುಗಿ ಸಹೋದ್ಯೋಗಿಯ ಮಗಳು ಎಂಬಂತಹ ಊರಿನಲ್ಲಿ ಕಾಯುವವರೂ ಕಾಪಿಗೆ ಒಳಪಟ್ಟವರೂ ಒಂದೇ ಬಸ್ಸಿನಲ್ಲಿದ್ದರು.

ಸುಮಾರು ಮೂರು ದಶಕ ಹೀಗೆ ನಡೆಯಿತು. ಡೀಸೆಲಿನ ಬೆಲೆ ಏರಿತು. ತೆರಿಗೆ, ವಿಮೆ, ಬಿಡಿಭಾಗಗಳ ವೆಚ್ಚಗಳೂ ಏರಿದವು. ಮನೆಮನೆಗೆ ದ್ವಿಚಕ್ರ ವಾಹನ ಬಂದು, ಪೂರ್ತಿ ದರ ಕೊಡುವ ಪ್ರಯಾಣಿಕನೇ ಮೊದಲು ಬಸ್ಸನ್ನು ಬಿಟ್ಟನು, ರಿಯಾಯಿತಿಯವರು ಉಳಿದರು. ನಿಗಮದ ಬೆನ್ನಿಗೆ ರಾಜ್ಯದ ಬೊಕ್ಕಸವಿದೆ, ಸಂಘದ ಬೆನ್ನಿಗೆ ಸದಸ್ಯರ ಸಂಬಳವಷ್ಟೇ ಇದ್ದಿತು. 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. ಸಾಂಕ್ರಾಮಿಕ ರೋಗದಿಂದ ನಿಂತವೆಂದು ಈಗ ಕೆಲವರು ಹೇಳುವುದುಂಟು; ಅದು ಸರಿಯಲ್ಲ, ದೇಶದ ಸಂಚಾರ ಸ್ತಬ್ಧವಾದುದು ಆ ಬಳಿಕ ಮಾರ್ಚಿನಲ್ಲಿ. ಮುಂದೆ ಮೂರು ವರ್ಷಕ್ಕೆ ಶಕ್ತಿ ಯೋಜನೆ ಬಂದಿತು. ಉಚಿತ ಪ್ರಯಾಣದ ಹಕ್ಕು ಬಂದ ಹೊತ್ತಿಗೆ, ಅದನ್ನು ಹೊತ್ತು ಒಳದಾರಿಗಳಿಗೆ ಹೋಗಬಹುದಾಗಿದ್ದ ಬಸ್ಸುಗಳು ಷೆಡ್ಡಿನಲ್ಲೂ ಇರಲಿಲ್ಲ.

2023ರ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಖಾಸಗಿ ಸಾರಿಗೆಯವರು ನಡೆಸಿದ ಬಂದ್‌ನ ಬೇಡಿಕೆಗಳಲ್ಲಿ, ಶಕ್ತಿಯನ್ನು ಖಾಸಗಿ ಬಸ್ಸುಗಳಿಗೂ ವಿಸ್ತರಿಸಿ ದರವನ್ನು ತುಂಬಿಕೊಡಬೇಕೆಂಬುದೂ ಸೇರಿತ್ತು. ಇದನ್ನು ಮಾಲೀಕರ ಸ್ವಾರ್ಥವೆಂದು ತಳ್ಳಿಹಾಕುವುದು ನಗರದಲ್ಲಿ ಸಾಧ್ಯವಿದ್ದೀತು. ಒಂದೇ ಬಸ್ಸು ಹೋಗುವ ಮಲೆಯ ದಾರಿಯಲ್ಲಿ ನಿಂತು ನೋಡಿದರೆ, ನಿಗಮವು ಅಲ್ಲಿಗೆ ಬಸ್ಸು ಕಳುಹಿಸಬೇಕು, ಇಲ್ಲವೆ ಹೋಗುತ್ತಿರುವ ಬಸ್ಸಿಗೆ ವಿದ್ಯಾರ್ಥಿಗಳ ಮಟ್ಟಿಗಾದರೂ ದರವನ್ನು ತುಂಬಿಕೊಡಬೇಕು ಎಂಬೆರಡು ಮಾರ್ಗಗಳ ಹೊರತು ಮೂರನೆಯದು ತೋರದು. ಎರಡನೆಯದರಲ್ಲಿ ಸುಳ್ಳು ಲೆಕ್ಕದ ಭಯವಿದೆ ನಿಜ. ಟಿಕೆಟ್ಟಿನ ಯಂತ್ರವು ಪ್ರತಿಯೊಂದು ಪ್ರಯಾಣವನ್ನೂ ದಾಖಲಿಸುವ ಈ ಕಾಲದಲ್ಲಿ ಆ ಭಯ ಹಿಂದಿನಷ್ಟಿಲ್ಲ. 2025ರ ಜನವರಿ 5ರಿಂದ ನಿಗಮಗಳ ದರ ನೂರಕ್ಕೆ 15ರಷ್ಟು ಏರಿದೆ. ಏರಿದ ದರವನ್ನು ಕೈಯಿಂದ ಕೊಡುವವರು ಶಕ್ತಿಗೆ ಹೊರತಾದವರು. ಅವರಲ್ಲಿ ಪಾಸಿಲ್ಲದ ಬಾಲಕರೂ ಇದ್ದಾರೆ. ಆದುದರಿಂದ ಕೆಂಪು ಬಸ್ಸಿನ ದಾರಿಯಲ್ಲಿರುವ ಬಾಲಕರು ಶಾಲೆ ತೆರೆದೊಡನೆ ಪಾಸಿಗೆ ಅರ್ಜಿ ಹಾಕತಕ್ಕದ್ದು. ಮನೆಯ ಬಳಿಯ ನಿಲುಗಡೆಯ ಹೆಸರನ್ನೂ, ಬಸ್ಸು ಬದಲಿಸುವ ಊರಿದ್ದರೆ ಅದನ್ನೂ ತಪ್ಪಿಲ್ಲದೆ ಬರೆಯತಕ್ಕದ್ದು. ಕೆಂಪು ಬಸ್ಸಿಲ್ಲದ ದಾರಿಯವರು, ಎಷ್ಟು ಮಕ್ಕಳು ಯಾವ ಹೊತ್ತಿಗೆ ಎಲ್ಲಿಂದ ಬರುತ್ತಾರೆಂಬ ಪಟ್ಟಿಯನ್ನು ಶಾಲೆಯ ಮೂಲಕ ಚಿಕ್ಕಮಗಳೂರಿನ ವಿಭಾಗ ಕಚೇರಿಗೆ ಮಳೆಗಾಲಕ್ಕೆ ಮೊದಲೇ ಕಳುಹಿಸುವುದು ಮೇಲು.