ಸೆಲ್ಫ್ ತಗೊಳ್ತದೆ, ಸ್ಟಾರ್ಟ್ ಆಗ್ತಿಲ್ಲ

ಡಿಸೆಂಬರಿನ ಒಂದು ಸಂಜೆ ಗ್ಯಾರೇಜಿನಿಂದ ಫೋನ್ ಬಂತು. "ಸಾರ್, ಟೈಮಿಂಗ್ ಚೈನ್ ಹಾಕಿದ್ದಾಯ್ತು. ಸೆಲ್ಫ್ ತಗೊಳ್ತದೆ, ಆದ್ರೆ ಸ್ಟಾರ್ಟ್ ಆಗ್ತಿಲ್ಲ." ಎರಡು ದಿನದ ಹಿಂದೆ ನಾನೇ ಓಡಿಸಿಕೊಂಡು ಹೋಗಿ ಬಿಟ್ಟುಬಂದ ಕಾರು ಅದು. ಚಳಿಯ ಬೆಳಿಗ್ಗೆ ಮೊದಲ ನಾಲ್ಕೈದು ಸೆಕೆಂಡು ಇಂಜಿನ್ನಿನಲ್ಲಿ ಕಟಕಟ ಸದ್ದು ಬರುತ್ತಿತ್ತು. ಚೈನ್ ಸಡಿಲಾಗಿದೆ ಎಂದಿದ್ದರು. ಅದು ಬಿಟ್ಟರೆ ಬೇರೆ ದೂರಿರಲಿಲ್ಲ.

2013ರ ಮಾಡೆಲ್, 1.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಗಾಡಿ. ಚೈನು, ಟೆನ್ಷನರ್, ಗೈಡು, ಹಲ್ಲಿನ ಚಕ್ರಗಳು, ಆಯಿಲ್, ಕೂಲಿ ಎಲ್ಲ ಸೇರಿ 16,500 ರೂಪಾಯಿ ಎಂದು ಮಾತಾಗಿತ್ತು. "ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ ಸಾರ್" ಎಂದರು. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳಿಗೆಲ್ಲ ಶೇ 18ರ ಒಂದೇ ದರ, ಕೂಲಿಗೂ ಅಷ್ಟೇ. 2,970 ರೂಪಾಯಿ ಉಳಿಯುವುದಾದರೆ ಉಳಿಯಲಿ ಎಂದು ನನಗೂ ಅನ್ನಿಸಿತು. ಜೊತೆಗಿದ್ದ ಹೆಂಡತಿ ಒಪ್ಪಲಿಲ್ಲ. ಬಿಲ್ಲಷ್ಟೇ ಅಲ್ಲ, ಜಾಬ್ ಕಾರ್ಡಿನಲ್ಲಿ "ಗಾಡಿ ಓಡಿಸಿಕೊಂಡು ಬಂದದ್ದು, ಸ್ಟಾರ್ಟಿಂಗ್ ತೊಂದರೆ ಇಲ್ಲ" ಎಂದೂ ಬರೆಸಿದಳು. ಆ ಒಂದು ಸಾಲಿನ ಬೆಲೆ ನನಗೆ ಆಗ ಗೊತ್ತಾಗಲಿಲ್ಲ.

ಮರುದಿನ ಗ್ಯಾರೇಜಿನವರು ಕ್ರ್ಯಾಂಕ್ ಸೆನ್ಸರ್ ಹೋಗಿದೆ ಎಂದರು. 2,300 ಕೊಟ್ಟೆ. ಸ್ಟಾರ್ಟ್ ಆಗಲಿಲ್ಲ. ಪೆಟ್ರೋಲ್ ಪಂಪ್ ವೀಕಾಗಿದೆ ಎಂದರು. 5,800 ಕೊಟ್ಟೆ. ಆಗಲೂ ಇಲ್ಲ. ನಾಲ್ಕನೆಯ ದಿನ, "ವಾಲ್ವ್ ಬೆಂಡ್ ಆಗಿರ್ಬೇಕು, ಹೆಡ್ ಇಳಿಸ್ಬೇಕು, 38,000 ಆಗುತ್ತೆ" ಎಂಬ ಮಾತು ಬಂತು. ವಿಮೆಯ ಏಜೆಂಟರನ್ನು ಕೇಳಿದೆ. ಯಂತ್ರ ತಾನಾಗಿ ಕೆಟ್ಟರೆ, ಸವೆದರೆ ಸಾಮಾನ್ಯ ಮೋಟಾರು ಪಾಲಿಸಿ ಕೊಡುವುದಿಲ್ಲ ಎಂದರು. ಅಪ್ಪ ನಿವೃತ್ತಿಯ ಹಣದಲ್ಲಿ ಕೊಂಡ ಕಾರು. ಮಾರಿಬಿಡೋಣವೇ ಎಂದೂ ಒಂದು ರಾತ್ರಿ ಯೋಚಿಸಿದೆ.

ನಮ್ಮ ಬೀದಿಯಲ್ಲಿ ಬಸ್ ಡಿಪೋದಿಂದ ನಿವೃತ್ತರಾದ ಮೆಕ್ಯಾನಿಕ್ ಒಬ್ಬರಿದ್ದಾರೆ. ವಿಷಯ ಕೇಳಿ, "ನಡೀರಿ ಮೇಷ್ಟ್ರೇ, ನೋಡ್ಕೊಂಡು ಬರೋಣ" ಎಂದು ಹೊರಟೇಬಿಟ್ಟರು. ಗ್ಯಾರೇಜಿನಲ್ಲಿ ಐದೇ ಸೆಕೆಂಡು ಸೆಲ್ಫ್ ಹೊಡೆಸಿ, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ: "ಇಂಜಿನ್ ಉಸಿರು ಕಟ್ತಾ ಇಲ್ಲ. ಮತ್ತೆ ಸೆಲ್ಫ್ ಹೊಡೀಬೇಡಿ."

ಸರಿಯಿರುವ ಇಂಜಿನ್ನಿಗೆ ಸೆಲ್ಫ್ ಹೊಡೆದಾಗ ಪ್ರತಿ ಸಿಲಿಂಡರೂ ಗಾಳಿಯನ್ನು ಒತ್ತುವ ಹೊತ್ತಿಗೆ ಮೋಟಾರು ಕೊಂಚ ತಿಣುಕುತ್ತದೆ, ಸದ್ದಿನಲ್ಲಿ ಏರಿಳಿತ ಕೇಳುತ್ತದೆ. ನಮ್ಮದು ಸುಯ್ಯೆಂದು ಒಂದೇ ಸಮ ತಿರುಗುತ್ತಿತ್ತು. ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಮೇಲಿನ ಕ್ಯಾಮ್ ಒಂದು ಸುತ್ತು. ಈ ಹೊಂದಿಕೆಯನ್ನು ಹಿಡಿದಿರುವುದೇ ಚೈನು. ಅದು ಚಕ್ರದ ಹಲ್ಲಿನ ಮೇಲೆ ಒಂದೆರಡು ಹಲ್ಲು ತಪ್ಪಿ ಕೂತರೂ ವಾಲ್ವ್ ಮುಚ್ಚಬೇಕಾದ ಹೊತ್ತಿಗೆ ಮುಚ್ಚುವುದಿಲ್ಲ, ಒತ್ತಿದ ಗಾಳಿ ಸೋರಿಹೋಗುತ್ತದೆ. ಆಗ ಸ್ಪಾರ್ಕ್ ಇದ್ದರೇನು, ಪೆಟ್ರೋಲ್ ಬಂದರೇನು? ಇನ್ನೂ ಜಾಸ್ತಿ ತಪ್ಪಿದ್ದರೆ ಎಷ್ಟೋ ಇಂಜಿನ್ನುಗಳಲ್ಲಿ ಪಿಸ್ಟನ್ ಬಂದು ವಾಲ್ವಿಗೆ ಬಡಿಯುತ್ತದೆ. ಸೆಲ್ಫ್ ಹೊಡೆಯಬೇಡಿ ಎಂದದ್ದು ಅದಕ್ಕೇ.

ಅವರ ಲೆಕ್ಕವೆಲ್ಲ ಖರ್ಚಿಲ್ಲದ್ದರಿಂದ ಶುರು. ಕೆಲಸಕ್ಕಾಗಿ ಬಿಚ್ಚಿದ ಪ್ಲಗ್ಗುಗಳು ಮತ್ತೆ ಕೂತಿವೆಯೇ, ಅರ್ಥಿಂಗ್ ವೈರ್ ಬಿಗಿದಿದೆಯೇ, ಫ್ಯೂಸು ಸರಿಯಿದೆಯೇ, ಕೀ ತಿರುಗಿಸಿದಾಗ ಪಂಪಿನ ಸಣ್ಣ ಸದ್ದು ಬರುತ್ತದೆಯೇ ಎಂದು ನೋಡಿದರು. ಇದಕ್ಕೆಲ್ಲ ಕಾಲು ಗಂಟೆ. ಆಮೇಲೆ ಕಂಪ್ರೆಷನ್ ಟೆಸ್ಟ್, 600 ರೂಪಾಯಿ. ಮೀಟರಿನಲ್ಲಿ 150ಕ್ಕಿಂತ ಮೇಲೆ ಇರಬೇಕಾದದ್ದು ನಾಲ್ಕೂ ಸಿಲಿಂಡರಿನಲ್ಲಿ 70ರ ಆಸುಪಾಸಿತ್ತು. ಅವರ ಮುಖ ಅರಳಿತು. "ನಾಲ್ಕೂ ಒಂದೇ ಸಮ ಕಮ್ಮಿ ಇದೆ. ವಾಲ್ವ್ ಬೆಂಡ್ ಆಗಿದ್ರೆ ಸಾಮಾನ್ಯವಾಗಿ ಒಂದೋ ಎರಡೋ ಸತ್ತಿರ್ತಿದ್ವು. ಇದು ಮಾರ್ಕ್ ತಪ್ಪಿದ್ದು. ಹೆಡ್ ಮುಟ್ಟಬೇಡಿ, ಕವರ್ ಬಿಚ್ಚಿ."

600 ರೂಪಾಯಿಯ ಈ ಪರೀಕ್ಷೆ ಮೊದಲ ದಿನವೇ ಆಗಿದ್ದರೆ ಸೆನ್ಸರೂ ಬೇಕಿರಲಿಲ್ಲ, ಪಂಪೂ ಬೇಕಿರಲಿಲ್ಲ. ನಾನು ಕೊಟ್ಟ 8,100 ಬರೀ ಊಹೆಗೆ ಹೋದ ದುಡ್ಡು. ರಿಪೇರಿಯಾದ ಮೇಲೆ ಹೊಸದಾಗಿ ಕಾಣಿಸಿದ ತೊಂದರೆಗೆ ಮೊದಲು ಆ ರಿಪೇರಿಯನ್ನೇ ತಪಾಸಿಸಿ ಎಂದು ನಾನು ಗಟ್ಟಿಯಾಗಿ ಹೇಳಬೇಕಿತ್ತು.

ಕವರ್ ಬಿಚ್ಚಿದಾಗ ಕ್ಯಾಮಿನ ಗುರುತು ಎರಡು ಹಲ್ಲು ಆಚೆಗಿತ್ತು. ಬೋಲ್ಟ್ ಬಿಗಿಯುವಾಗ ಚಕ್ರ ಸ್ವಲ್ಪ ಜರುಗಿರಬೇಕು. ಸರಿಪಡಿಸಿದ ಮೇಲೆ ಹಿರಿಯರು ಕೆಲಸದ ಹುಡುಗನ ಕೈಗೆ ಪಾನಾ ಕೊಟ್ಟು, ಕ್ರ್ಯಾಂಕನ್ನು ನಿಧಾನವಾಗಿ ಎರಡು ಸುತ್ತು ಕೈಯಲ್ಲೇ ತಿರುಗಿಸಲು ಹೇಳಿದರು. ಎಲ್ಲೂ ತಡೆಯಲಿಲ್ಲ, ಚಕ್ರಗಳ ಗುರುತು ಮತ್ತೆ ತಮ್ಮ ಜಾಗಕ್ಕೆ ಬಂದವು. ಚೈನಿನ ಬಣ್ಣದ ಕೊಂಡಿಗಳು ಮಾತ್ರ ಬೇರೆಡೆ ಇದ್ದವು. ಹುಡುಗ ಗಾಬರಿಯಾದ. ಅವು ಅಷ್ಟು ಬೇಗ ಮರಳುವುದಿಲ್ಲ, ಚಕ್ರದ ಗುರುತೇ ಮುಖ್ಯ ಎಂದು ಅವನ ಭುಜ ತಟ್ಟಿದರು. ಸಂಜೆ ಮೀಟರು 165 ತೋರಿಸಿತು, ಗಾಡಿ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಯಿತು.

ಇನ್ನು ದುಡ್ಡಿನ ಮಾತು. ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಬಹುದು. ಇದೆಲ್ಲ ಓದಿಕೊಂಡೇ ಹೋಗಿದ್ದೆ. ಆದರೆ ಜಾಬ್ ಕಾರ್ಡಿನ ಆ ಸಾಲನ್ನು ತೋರಿಸಿದ್ದಷ್ಟೇ ಸಾಕಾಯಿತು. ಮತ್ತೆ ಬಿಚ್ಚಿದ ಕೂಲಿಯನ್ನು ಮಾಲೀಕರು ಬಿಟ್ಟರು. ಹಳೇ ಪಂಪ್ ಸರಿಯಿದ್ದದ್ದರಿಂದ ಅದನ್ನೇ ಹಾಕಿ 5,800 ವಾಪಸು ಕೊಟ್ಟರು. ಸೆನ್ಸರಿನ ದುಡ್ಡು ಬರಲಿಲ್ಲ. ತೆಗೆದ ಹಳೆಯದನ್ನು ಕೇಳಿ ತಂದೆ.

ಉಳಿದದ್ದು ಮತ್ತೆ ಹಾಕಿದ ಆಯಿಲ್ ಮತ್ತು ಸೀಲಿಂಗ್ ಪೇಸ್ಟಿನ 2,600. "ಇದನ್ನ ಹುಡುಗನ ಸಂಬಳದಲ್ಲಿ ಹಿಡೀತೀನಿ ಬಿಡಿ" ಎಂದರು ಮಾಲೀಕರು. ಅವನಿಗೆ ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಎರಡು ಸುತ್ತು ತಿರುಗಿಸಿ ನೋಡು ಎಂದು ಆ ಗ್ಯಾರೇಜಿನಲ್ಲಿ ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಅವನ ಸಂಬಳ ಮುಟ್ಟಬಾರದೆಂಬ ಮಾತಿನ ಮೇಲೆ 1,300 ನಾನು ಕೊಟ್ಟೆ, 1,300 ಅವರು ಹಾಕಿಕೊಂಡರು. ಅದನ್ನೂ ಬಿಲ್ಲಿನಲ್ಲಿ ಬರೆಸಿಕೊಂಡೆ.