ದೂರದ ಕಾಲೇಜಿಗೆ ಹೊರಡುವವರಿಗೂ ಕಳುಹಿಸುವವರಿಗೂ ಒಂದು ಪಾಠ



ಮುಂಗಾರು ಹಿಡಿದು ಹೊಲಗಳಲ್ಲಿ ಬಿತ್ತನೆ ನಡೆಯುವ ದಿವಸಗಳಲ್ಲಿಯೇ ನಮ್ಮ ಹಳ್ಳಿಗಳ ಅನೇಕ ಮನೆಗಳಲ್ಲಿ ಇನ್ನೊಂದು ಕೆಲಸವೂ ನಡೆಯುತ್ತದೆ. ಪಿ.ಯು.ಸಿ. ತೇರ್ಗಡೆಯಾದ ಮಗನಾಗಲಿ ಮಗಳಾಗಲಿ ದೂರದ ಊರಿನ ಕಾಲೇಜಿಗೆ ಹೊರಡುವದಕ್ಕಾಗಿ ಪೆಟ್ಟಿಗೆಯನ್ನು ತುಂಬುತ್ತಾರೆ. ತಂದೆಯು ಹಣವನ್ನು ಮತ್ತೆ ಮತ್ತೆ ಎಣಿಸುತ್ತಾನೆ. ತಾಯಿಯು ರೊಟ್ಟಿ ಬಡಿಯುತ್ತಾಳೆ. ಮನೆಯಲ್ಲಿ ಸಂತೋಷವೂ ಉಂಟು, ಬಾಯಿ ಬಿಟ್ಟು ಹೇಳದ ಭಯವೂ ಉಂಟು. ಈ ಹೊರಡೋಣವು ನೆಟ್ಟಗೆ ನಡೆಯಬೇಕಾದರೆ ಏನೇನು ಬೇಕೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಹಿಂದಿನವರು ನಡೆದ ದಾರಿ

ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವದಕ್ಕೆ ಮುಂಚೆ, ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ತರುಣರು ಪದವಿಗಾಗಿ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಅಲ್ಲಿ ಭಾಷೆ ಬೇರೆ, ಊಟ ಬೇರೆ. ಬಡ ವಿದ್ಯಾರ್ಥಿಗಳಲ್ಲಿ ಕೆಲವರು ವಾರಾನ್ನದಿಂದ, ಅಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದರು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ವೆಚ್ಚವನ್ನು ಸಾಗಿಸಿಕೊಂಡು 1881ರಲ್ಲಿ ಬಿ.ಎ. ಪದವಿಯನ್ನು ಹೊಂದಿದರು, ಬಳಿಕ ಪುಣೆಗೆ ಹೋಗಿ ಇಂಜಿನಿಯರಿಂಗ್ ಕಲಿತರು. ಇದರಲ್ಲಿ ಗಮನಿಸತಕ್ಕದ್ದು ಅವರ ಶ್ರಮವೊಂದೇ ಅಲ್ಲ. ಅನ್ನವಿಟ್ಟ ಮನೆಯೂ ಕೆಲಸ ಕೊಟ್ಟ ಮನೆಯೂ ಇದ್ದದರಿಂದಲೇ ಆ ದಾರಿ ಸಾಗಿತು. ಪರಸ್ಥಳದಲ್ಲಿ ನೆರವನ್ನು ಕೇಳುವದು ಅವಮಾನವಲ್ಲ.

2. ಕಾಗದಪತ್ರಗಳು

ಬಟ್ಟೆಯನ್ನು ಮರೆತರೆ ಬೇರೆ ಕೊಳ್ಳಬಹುದು. ಕಾಗದವನ್ನು ಮರೆತರೆ ಮರಳಿ ಊರಿಗೆ ಬರಬೇಕಾದೀತು. ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಅಂಕಪಟ್ಟಿಗಳು, ವರ್ಗಾವಣೆ ಪತ್ರ, ನಾಡಕಚೇರಿಯಿಂದ ಪಡೆದ ಜಾತಿ ಹಾಗೂ ಆದಾಯ ಪ್ರಮಾಣಪತ್ರಗಳು, ಆಧಾರ್ ಕಾರ್ಡು, ಬ್ಯಾಂಕಿನ ಪಾಸ್ ಪುಸ್ತಕ, ಭಾವಚಿತ್ರಗಳು—ಇವೆಲ್ಲವನ್ನೂ ಒಂದೇ ಚೀಲದಲ್ಲಿಟ್ಟು ಆ ಚೀಲವನ್ನು ಬಸ್ಸಿನಲ್ಲಿ ತೊಡೆಯ ಮೇಲೆಯೇ ಇಟ್ಟುಕೊಳ್ಳತಕ್ಕದ್ದು. ಎಲ್ಲದರ ನಕಲುಗಳ ಒಂದು ಕಟ್ಟು ಮನೆಯಲ್ಲಿಯೂ ಇರಲಿ. ಮೂಲ ಅಂಕಪಟ್ಟಿಗಳನ್ನು ಕಾಲೇಜಿನವರು ತಾಳೆ ನೋಡಿ ಹಿಂದಕ್ಕೆ ಕೊಡಬೇಕು, ತಮ್ಮಲ್ಲಿ ಇಟ್ಟುಕೊಳ್ಳಬಾರದು ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ತಿಳಿಸಿದೆ. ಇದನ್ನು ಅರಿತವನು ವಿನಯದಿಂದಲೇ ಕೇಳಿ ಪಡೆಯಬಲ್ಲನು.

3. ಹಣ ಮತ್ತು ವಸತಿ

ಸರಕಾರದ ವಿದ್ಯಾರ್ಥಿನಿಲಯಗಳಿಗೆ ಅರ್ಜಿ ಹಾಕುವ ಕಾಲವು ಬೇಗನೆ ಮುಗಿಯುವದು. ಆದಕಾರಣ ಕಾಲೇಜಿಗೆ ಸೇರಿದ ದಿನವೇ ವಿಚಾರಿಸಿರಿ. ನಿಲಯದಲ್ಲಿ ಸ್ಥಳ ಸಿಕ್ಕದ ಹಿಂದುಳಿದ ವರ್ಗಗಳ ಮಕ್ಕಳಿಗಾಗಿ ಕರ್ನಾಟಕ ಸರಕಾರವು 2013-14ರಲ್ಲಿ ವಿದ್ಯಾಸಿರಿ ಎಂಬ ಯೋಜನೆಯನ್ನು, ಆರಂಭದಲ್ಲಿ ತಿಂಗಳಿಗೆ 1500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡುವ ಏರ್ಪಾಡಿನಿಂದ, ತೊಡಗಿತು. ಇಂಥವುಗಳನ್ನು ಕೇಳದವನಿಗೆ ಯಾರೂ ಮನೆಬಾಗಿಲಿಗೆ ತಂದು ಕೊಡುವದಿಲ್ಲ. ಬಂದ ಹಣಕ್ಕೂ ಹೋದ ಹಣಕ್ಕೂ ಒಂದು ಸಣ್ಣ ಪುಸ್ತಕದಲ್ಲಿ ಲೆಕ್ಕ ಬರೆಯಿರಿ. ಫೋನಿನಲ್ಲಿ ಯಾರಾದರೂ ಬ್ಯಾಂಕಿನ ಗುಪ್ತ ಸಂಖ್ಯೆಯನ್ನು ಕೇಳಿದರೆ ಹೇಳಕೂಡದು. ಮೋಸವಾಯಿತೆಂದು ತಿಳಿದ ಕೂಡಲೆ 1930 ಎಂಬ ಸಂಖ್ಯೆಗೆ ದೂರು ಕೊಡಬೇಕು.

4. ಮೊದಲಿನ ಮೂರು ತಿಂಗಳು

ನಾನು ಬಲ್ಲ ಒಬ್ಬ ರೈತನು ಒಂದು ಎತ್ತನ್ನು ಮಾರಿ ತನ್ನ ಮಗನನ್ನು ಕಾಲೇಜಿಗೆ ಕಳುಹಿಸಿದನು. ತಾಯಿಯು ತನ್ನ ಹಳೆಯ ಸೀರೆಗಳಿಂದ ಹೊಲಿದ ಕೌದಿಯನ್ನೂ, ಕಡಕ್ ರೊಟ್ಟಿ ಶೇಂಗಾ ಚಟ್ನಿಗಳನ್ನೂ ಕಟ್ಟಿಕೊಟ್ಟಳು. ಹುಡುಗನು ಊರಿನ ಶಾಲೆಯಲ್ಲಿ ಮೊದಲಿಗನಾಗಿದ್ದನು. ಕಾಲೇಜಿನಲ್ಲಿಯಾದರೋ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಅವನಿಗೆ ಅರ್ಧಕ್ಕರ್ಧ ತಿಳಿಯಲಿಲ್ಲ. ಪ್ರಶ್ನೆ ಕೇಳಿದರೆ ಇತರರು ನಕ್ಕಾರೆಂದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತನು. ಮನೆಗೆ ಫೋನು ಮಾಡಿದಾಗಲೆಲ್ಲಾ, “ಎಲ್ಲಾ ಛಲೋ ಐತಿ” ಎಂದೇ ಹೇಳಿದನು. ಮೂರನೆಯ ತಿಂಗಳಲ್ಲಿ ಒಂದು ಸಾಯಂಕಾಲ ಟ್ರಂಕನ್ನೂ ಕೌದಿಯನ್ನೂ ಹೊತ್ತು ಮನೆಯ ಕಟ್ಟೆಯ ಮೇಲೆ ಬಂದು ಕೂತನು.

ತಂದೆಯು ಬೈಯಲಿಲ್ಲ. ಎತ್ತಿನ ಮಾತನ್ನೂ ಎತ್ತಲಿಲ್ಲ. ಊಟವಾದ ಮೇಲೆ, “ಯಾವ ಪಾಠ ತಿಳಿಯಲಿಲ್ಲಪ್ಪಾ?” ಎಂದು ಮಾತ್ರ ಕೇಳಿದನು. ಆಗ ಹುಡುಗನು ಮೊದಲನೆಯ ಸಾರಿ ನಿಜವನ್ನು ಹೇಳಿ ಅತ್ತನು. ಮರುದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಒಬ್ಬ ಅಧ್ಯಾಪಕರನ್ನು ಕಂಡರು. ಅವರು, “ಇದನ್ನು ಜೂನಿನಲ್ಲಿಯೇ ಹೇಳಬಾರದಾಗಿತ್ತೇ?” ಎಂದು ಹೇಳಿ, ಸಾಯಂಕಾಲಗಳಲ್ಲಿ ಅವನನ್ನು ಕೂಡ್ರಿಸಿಕೊಂಡು ಕನ್ನಡದಲ್ಲಿ ಅರ್ಥ ತಿಳಿಸಿ ಇಂಗ್ಲಿಷಿನಲ್ಲಿ ಬರೆಯಿಸಿದರು. ಆ ವರ್ಷ ಎರಡು ವಿಷಯಗಳಲ್ಲಿ ಅವನು ಸೋತನು; ಮುಂದಿನ ವರ್ಷ ಎರಡನ್ನೂ ತೀರಿಸಿದನು. ಅವನನ್ನು ಊರಿಗೆ ಓಡಿಸಿದ್ದು ಇಂಗ್ಲಿಷಲ್ಲ, ಅದನ್ನು ಮುಚ್ಚಿಟ್ಟ ನಾಚಿಕೆಯೇ.

ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಪೀಡಿಸಿದರೂ ಇದೇ ಮಾತು ಸಲ್ಲುತ್ತದೆ. ರ‍್ಯಾಗಿಂಗ್ ಎಂಬ ಆ ಪೀಡೆಯು 1983ರ ಕರ್ನಾಟಕ ಶಿಕ್ಷಣ ಕಾಯಿದೆಯಂತೆ ಅಪರಾಧವಾಗಿದೆ. 2009ರಲ್ಲಿ ಧನಸಹಾಯ ಆಯೋಗವೂ ಅದರ ವಿರುದ್ಧ ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿತು. ಸಹಿಸಿಕೊಂಡು ಸುಮ್ಮನಿರುವದು ಶೌರ್ಯವಲ್ಲ. ಪ್ರಾಚಾರ್ಯರಿಗೂ ಮನೆಯವರಿಗೂ ತಿಳಿಸತಕ್ಕದ್ದು.

5. ಮನೆಯಲ್ಲಿ ಉಳಿಯುವವರಿಗೆ

ತಾಯಿತಂದೆಗಳಿರಾ, “ಊಟ ಆಯಿತೇ?” ಎಂದು ಕೇಳುವದು ಒಳ್ಳೇದು, ಆದರೆ ಅಷ್ಟಕ್ಕೇ ನಿಲ್ಲಬೇಡಿರಿ. “ಈ ವಾರ ಕಷ್ಟವಾದದ್ದು ಯಾವದು?” ಎಂದೂ ಕೇಳಿರಿ. ನೀವು ಮಾಡಿದ ಸಾಲವನ್ನು ಪ್ರತಿ ಮಾತಿನಲ್ಲಿ ನೆನಪಿಸಿದರೆ ಮಗುವು ನಿಜವನ್ನು ಹೇಳಲು ಅಂಜುವದು. ಮಗಳನ್ನು ಕಳುಹಿಸಲು ಹಿಂಜರಿಯುವವರು ಇದನ್ನೂ ನೆನಸಲಿ: 2023ರ ಜೂನ್ 11ರಂದು ತೊಡಗಿದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲದೆ ಪ್ರಯಾಣಿಸುವ ಅನುಕೂಲ ಒದಗಿತು. ಹೀಗಿರಲಾಗಿ ದಾರಿಯ ವೆಚ್ಚವನ್ನು ನೆವ ಮಾಡಿ ಅವಳ ಓದನ್ನು ನಿಲ್ಲಿಸುವದು ನ್ಯಾಯವಲ್ಲ.

ತರುಣರೇ, ಪೆಟ್ಟಿಗೆ ಚಿಕ್ಕದಾಗಿರಲಿ. ಎರಡು ಮೂರು ಜೊತೆ ಬಟ್ಟೆ, ಹಾಸಿಗೆ, ತಂಬಿಗೆ, ಪುಸ್ತಕಗಳು ಸಾಕು. ಉಳಿದದ್ದನ್ನು ಬೇಕಾದಾಗ ಕೊಳ್ಳಬಹುದು. ಆದರೆ ನಿಜವನ್ನು ಹೇಳುವ ಅಭ್ಯಾಸವನ್ನು ಮಾತ್ರ ಊರಲ್ಲಿ ಬಿಟ್ಟು ಹೋಗಬೇಡಿರಿ.

ಮನೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

ಒಂದು: ನಮ್ಮ ಊರಿನಿಂದ ಓದಲು ಹೋಗಿ ನಡುವೆ ಹಿಂದಿರುಗಿದವರು ಯಾರಾದರೂ ಉಂಟೋ? ಅವರನ್ನು ಕಾರಣವೇನೆಂದು ನಾವು ಕೇಳಿದೆವೋ, ಇಲ್ಲವೆ ನಕ್ಕೆವೋ?

ಎರಡು: ಆ ರೈತನು ಕಟ್ಟೆಯ ಮೇಲೆಯೇ ಮಗನನ್ನು ಬೈದಿದ್ದರೆ ಏನಾಗುತ್ತಿತ್ತು?

ಮೂರು: ಈ ವರ್ಷ ಹೊರಡುವ ಮಕ್ಕಳಿಗೆ, ಆ ಊರನ್ನು ಬಲ್ಲ ನಮ್ಮವರಲ್ಲಿ ಯಾರು ಜೊತೆಯಾಗಿ ಹೋಗಬಹುದು?