ಪಾಲಿನೇಷ್ಯದ ನಾವಿಕವಿದ್ಯೆ

ಭೂಪಟವನ್ನು ತೆರೆದು ನೋಡಿದರೆ ಶಾಂತಸಾಗರದ ನಡುವೆ ಸಾಸಿವೆ ಚೆಲ್ಲಿದಂತೆ ದ್ವೀಪಗಳು ಕಾಣುತ್ತವೆ. ಉತ್ತರದ ಹವಾಯಿ, ನೈಋತ್ಯದ ನ್ಯೂಜಿಲೆಂಡ್, ಆಗ್ನೇಯದ ಈಸ್ಟರ್ ದ್ವೀಪ, ಈ ಮೂರನ್ನೂ ಗೆರೆಯಿಂದ ಸೇರಿಸಿದರೆ ಆಗುವ ಮಹಾತ್ರಿಕೋನವೇ ಪಾಲಿನೇಷ್ಯ. ಇಲ್ಲಿಯ ದ್ವೀಪವಾಸಿಗಳ ಭಾಷೆಗಳು ಅಕ್ಕತಂಗಿಯರಂತೆ ಒಂದನ್ನೊಂದು ಹೋಲುತ್ತವೆ. ದಿಕ್ಸೂಚಿಯಾಗಲಿ ಬರೆದ ನಕ್ಷೆಯಾಗಲಿ ಇಲ್ಲದೆ ಒಂದೇ ಜನಾಂಗವು ಇಷ್ಟು ದೂರ ಹರಡಿದುದು ಹೇಗೆ?

ಇದು ಗಾಳಿಯ ಕೃಪೆಯೆಂದು ಕೆಲವು ಪಾಶ್ಚಾತ್ಯರು ಬಗೆದರು. 1947ರಲ್ಲಿ ಥೋರ್ ಹೆಯರ್‌ಡಾಲ್ ಅವರು ಪೆರು ದೇಶದಿಂದ ‘ಕಾನ್‌ಟಿಕಿ’ ಎಂಬ ತೆಪ್ಪದಲ್ಲಿ ತೇಲಿಬಂದು, ದ್ವೀಪಗಳ ಮೂಲನಿವಾಸಿಗಳೂ ಹೀಗೆಯೇ ಅಮೆರಿಕದಿಂದ ಬಂದರೆಂದು ವಾದಿಸಿದರು. ಆದರೆ ಭಾಷೆಯೂ ಉತ್ಖನನಗಳೂ ಅವರು ಪಶ್ಚಿಮದಿಂದ, ಏಷ್ಯದ ಕಡೆಯಿಂದ ಬಂದುದನ್ನು ತೋರಿಸಿವೆ. ಅಂದರೆ ಅವರು ಎದುರುಗಾಳಿಯಲ್ಲಿ, ತಿಳಿದೇ ಸಾಗಿದವರು.

ಇದನ್ನು ಪ್ರತ್ಯಕ್ಷವಾಗಿ ತೋರಿಸಲೆಂದು ಹವಾಯಿಯಲ್ಲಿ 1973ರಲ್ಲಿ ಒಂದು ನೌಕಾಯಾನ ಸಂಘವು ಹುಟ್ಟಿತು. ಅದು ಹಳೆಯ ಮಾದರಿಯಲ್ಲಿ 62 ಅಡಿ ಉದ್ದದ ಜೋಡಿದೋಣಿಯೊಂದನ್ನು ಕಟ್ಟಿ, 1975ರಲ್ಲಿ ನೀರಿಗಿಳಿಸಿತು. ಅದರ ಹೆಸರು ‘ಹೋಕುಲೇಯ’, ಎಂದರೆ ಆನಂದದ ನಕ್ಷತ್ರ. ಆ ನಕ್ಷತ್ರವು ನಮ್ಮ ಸ್ವಾತಿಯೇ! ಸ್ವಾತಿಯು ಹವಾಯಿಯ ನೆತ್ತಿಯ ಮೇಲೆ ಹಾಯುತ್ತದೆ.

ದೋಣಿಯೇನೋ ಸಿದ್ಧವಾಯಿತು. ನಡೆಸುವವರು ಯಾರು? ಹವಾಯಿಯಲ್ಲಿ ಆ ವಿದ್ಯೆ ಅಳಿದುಹೋಗಿತ್ತು. ಕಡೆಗೆ ಮೈಕ್ರೊನೇಷ್ಯದ ಸಾತವಾಲ್ ಎಂಬ ಪುಟ್ಟ ದ್ವೀಪದಿಂದ ಮೌ ಪಿಯಾಯ್ಲುಗ್ ಅವರನ್ನು ಕರೆತರಬೇಕಾಯಿತು. ಬಾಲ್ಯದಲ್ಲಿಯೇ ಅಜ್ಜನಿಂದ ಕಲಿತವರು ಅವರು.

ಅವರ ವಿಧಾನವೇನು? ಪ್ರತಿಯೊಂದು ನಕ್ಷತ್ರವೂ ದಿಗಂತದಲ್ಲಿ ತನ್ನದೇ ಸ್ಥಾನದಲ್ಲಿ ಮೂಡಿ, ತನ್ನದೇ ಸ್ಥಾನದಲ್ಲಿ ಮುಳುಗುತ್ತದೆ. ಒಂದು ಮೇಲೇರಿದರೆ ಅದೇ ಎಡೆಯಲ್ಲಿ ಮೂಡುವ ಮತ್ತೊಂದನ್ನು ಹಿಡಿಯಬೇಕು. ಮೋಡ ಕವಿದರೆ ದೂರದಿಂದ ಬರುವ ದೊಡ್ಡ ಅಲೆಗಳು ದೋಣಿಯನ್ನು ತೂಗುವ ಬಗೆಯಿಂದಲೇ ದಿಕ್ಕನ್ನು ಅರಿಯಬೇಕು. ಸಂಜೆ ಗೂಡಿಗೆ ಮರಳುವ ಕಡಲಹಕ್ಕಿಗಳು ನೆಲದ ದಿಕ್ಕನ್ನು ತೋರುತ್ತವೆ. 1976ರ ಮೇ 1ರಂದು ಹವಾಯಿಯನ್ನು ಬಿಟ್ಟ ಹೋಕುಲೇಯವು ಯಾವ ಉಪಕರಣವೂ ಇಲ್ಲದೆ ಸುಮಾರು 4,000 ಕಿಲೋಮೀಟರ್ ಸಾಗಿ, ಜೂನ್ 4ರಂದು ಟಹೀಟಿಯನ್ನು ಮುಟ್ಟಿತು. ದಡದಲ್ಲಿ ಸಹಸ್ರಾರು ಜನ ನೆರೆದಿದ್ದರು.

ಈ ವಿದ್ಯೆಯನ್ನು ಹೊರಗಿನವರಿಗೆ ಕಲಿಸುವುದು ಸಾತವಾಲ್‌ನ ಸಂಪ್ರದಾಯವಲ್ಲ. ಆದರೆ ಅಲ್ಲಿಯ ತರುಣರು ಶಾಲೆಗಳ ಕಡೆಗೆ ತಿರುಗಿದ್ದರು, ಕಲಿಯುವವರು ಕಡಿಮೆಯಾಗಿದ್ದರು. ವಿದ್ಯೆಯು ತನ್ನೊಡನೆ ಸಾಯುವುದಕ್ಕಿಂತ ಪರರಲ್ಲಿ ಬದುಕಲೆಂದು ಮೌ ಅವರು ಹವಾಯಿಯವರಿಗೆ ಕಲಿಸಿದರು. ಅವರ ಶಿಷ್ಯ ನೈನೋವ ಥಾಂಪ್ಸನ್ 1980ರಲ್ಲಿ ಟಹೀಟಿಗೆ ಹೋಗಿ ಮರಳಿದರು. 2010ರಲ್ಲಿ ಮೌ ತೀರಿಕೊಂಡರು, ವಿದ್ಯೆ ಉಳಿಯಿತು.

ಇದನ್ನು ಓದಿದಾಗ ನನಗೆ ತುಸು ನಾಚಿಕೆಯಾಯಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರಿಗೆ ಅಕ್ಷರ ಬಾರದು. ಆದರೆ ಅಶ್ವಿನಿಯಿಂದ ಸ್ವಾತಿಯವರೆಗೆ ಯಾವ ಮಳೆಗೆ ಯಾವ ಬೇಸಾಯವೆಂಬುದನ್ನು ಅವರು ಬೆರಳು ಮಡಿಸಿ ಹೇಳಬಲ್ಲರು. ನಾನು ಒಮ್ಮೆಯೂ ಕುಳಿತು ಕೇಳಿದವನಲ್ಲ. ವಿದ್ಯಾರ್ಥಿ ಮಿತ್ರರೆ, ಶಾಲೆಯ ಕಡೆಗೆ ತಿರುಗಿದ ತರುಣರಲ್ಲಿ ನಾವೂ ಸೇರಿದ್ದೇವೆ. ಪುಸ್ತಕವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಮೌ ಅವರ ಕಥೆ ನನಗೆ ದೊರೆತುದೂ ಪುಸ್ತಕದಿಂದಲೇ. ಪರೀಕ್ಷೆ ಮುಗಿದೊಡನೆ ಒಂದು ಖಾಲಿ ನೋಟುಬುಕ್ಕು ಹಿಡಿದು ತಂದೆಯವರ ಬಳಿ ಕೂರಬೇಕೆಂದಿದ್ದೇನೆ. ನೀವೂ ನಿಮ್ಮ ಹಿರಿಯರ ಬಳಿ ಕುಳಿತು ನೋಡಿರಿ.